ಓದಿದ್ದು ಬೇಕಾದಾಗ ಕೈಗೆ ಸಿಗಬೇಕು: ಚರಿತ್ರೆ, ವಿಜ್ಞಾನ, ಹಳೆಯ ಕಾವ್ಯಕ್ಕೆ ಒಂದೇ ನೋಟ್‌ಬುಕ್ ಇಡುವ ಕ್ರಮ

ಏಳು ವರ್ಷ ನಾನು ಓದಿದ ಪುಸ್ತಕಗಳ ಪಟ್ಟಿ ಬರೆದೆ. ಡೈರಿಯ ಕೊನೆಯ ಪುಟಗಳಲ್ಲಿ ನಂಬರು, ಹೆಸರು, ಮುಗಿಸಿದ ತಾರೀಖು, ಅಷ್ಟೇ. ನೂರು ದಾಟಿದ ದಿನ ಮನೆಯವರಿಗೆಲ್ಲ ತೋರಿಸಿದ್ದೂ ಆಯಿತು. ಒಂದು ಸಂಜೆ ಪಿಯುಸಿ ಓದುತ್ತಿದ್ದ ಅಣ್ಣನ ಮಗಳು ಆ ಡೈರಿ ತಿರುವುತ್ತಾ 41ನೇ ನಂಬರಿನ ಮೇಲೆ ಬೆರಳಿಟ್ಟಳು. "ಚಿಕ್ಕಪ್ಪ, ಇದರಲ್ಲಿ ಏನಿದೆ?" ವಿಜಯನಗರದ ಬಗ್ಗೆ ಕಣಮ್ಮ, ಅಂದೆ. "ಅದು ಹೆಸರಲ್ಲೇ ಇದೆಯಲ್ಲ. ಒಳಗೆ ಏನಿದೆ?" ಹಂಪಿ ಹಾಳಾಯಿತು ಅನ್ನುವುದು ಬಿಟ್ಟರೆ ನನಗೆ ಒಂದು ಸಾಲೂ ನೆನಪಾಗಲಿಲ್ಲ.

ಪಟ್ಟಿ ಬೇರೆ, ಓದಿನ ದಾಖಲೆ ಬೇರೆ ಅಂತ ಹೊಳೆದದ್ದು ಅವತ್ತು. ಎಷ್ಟು ಓದಿದೆ ಅನ್ನುವುದನ್ನು ಪಟ್ಟಿ ಹೇಳುತ್ತದೆ. ನಾನು ಕೆಳಗೆ ಹೇಳುವ ನೋಟ್‌ಬುಕ್ ಅದಕ್ಕಲ್ಲ. ಓದಿದ ಒಂದು ವಿಷಯ ಮೂರು ವರ್ಷ ಬಿಟ್ಟು ಬೇಕಾದಾಗ ಎರಡು ನಿಮಿಷದಲ್ಲಿ ಸಿಗಬೇಕು, ಅದಕ್ಕೆ. ಅಲ್ಲಿ ಇಲ್ಲಿ ಎಡವಿ ಈಗ ಒಂದು ಹದಕ್ಕೆ ಬಂದಿದೆ. ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

1. ಪುಸ್ತಕ ತಯಾರು ಮಾಡಿ

ಸ್ಟೇಷನರಿ ಅಂಗಡಿಯಲ್ಲಿ ಸಿಗುವ 200 ಪುಟದ, ಗೆರೆ ಹಾಕಿದ ಲಾಂಗ್ ಬುಕ್ ಸಾಕು. ಹೊಲಿಗೆ ಹಾಕಿದ್ದು, ರಟ್ಟಿನ ಹೊದಿಕೆ ಇರುವುದು ತಗೊಳ್ಳಿ. ಸ್ಪೈರಲ್ ಬೇಡ, ಹಾಳೆ ಕಿತ್ತು ಬರುತ್ತದೆ. ಚರ್ಮದ ಹೊದಿಕೆಯ ದುಬಾರಿ ಪುಸ್ತಕವೂ ಬೇಡ. ನನ್ನ ಹತ್ತಿರ ಉಡುಗೊರೆಯಾಗಿ ಬಂದ ಅಂಥದ್ದೊಂದು ಇದೆ. ಅಕ್ಷರ ಕೆಟ್ಟರೆ ಎಂದು ಹೆದರಿ ಇವತ್ತಿಗೂ ಒಂದು ಅಕ್ಷರ ಬರೆದಿಲ್ಲ.

ಮೊದಲ ದಿನ ಕೂತು 1ರಿಂದ 200ರವರೆಗೆ ಪುಟದ ನಂಬರು ಹಾಕಿ. ಬೇಜಾರಿನ ಕೆಲಸ, ಅರ್ಧ ಗಂಟೆ ಹಿಡಿಯುತ್ತದೆ. ಆದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಮೊದಲ ಐದು ಪುಟ ಹಳೆಯ ಅಭ್ಯಾಸದ ಪಟ್ಟಿಗೆ. ಕೊನೆಯ ಹನ್ನೆರಡು ಪುಟ, ಅಂದರೆ 189ರಿಂದ 200, ಸೂಚಿಗೆ: ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕ್ಷರ ಕ್ರಮದಲ್ಲಿ ಹೇಳುವ ಪಟ್ಟಿ. 188ನೇ ಪುಟದ ತಲೆಗೆ 'ಉತ್ತರ ಸಿಗದ ಪ್ರಶ್ನೆಗಳು' ಎಂದು ಬರೆದು ಖಾಲಿ ಬಿಡಿ. ನಡುವೆ 6ರಿಂದ 187ರವರೆಗೆ ಉಳಿಯಿತು. ಓದುವ ಒಂದೊಂದು ಪುಸ್ತಕಕ್ಕೂ ಎದುರುಬದುರಾದ ಎರಡು ಪುಟ. ಒಟ್ಟು 91 ಪುಸ್ತಕ ಹಿಡಿಯುತ್ತದೆ. ತಿಂಗಳಿಗೆ ಎರಡು ಓದಿದರೂ ಹೆಚ್ಚುಕಡಿಮೆ ನಾಲ್ಕು ವರ್ಷ.

ಎಡ ಪುಟದಲ್ಲಿ ಪುಸ್ತಕ ಹೇಳಿದ್ದು, ಬಲ ಪುಟದಲ್ಲಿ ನಾನು ಹೇಳುವುದು: ಅನುಮಾನ, ಲೆಕ್ಕ, ಜಗಳ, ಚಿತ್ರ. ಇವೆರಡು ಬೆರೆಯಬಾರದು. ಬೆರೆತರೆ ವರ್ಷ ಕಳೆದ ಮೇಲೆ ಆ ಮಾತು ಲೇಖಕರದ್ದೋ ನನ್ನದೋ ಗೊತ್ತಾಗುವುದಿಲ್ಲ.

ಚರಿತ್ರೆಗೆ ಒಂದು, ವಿಜ್ಞಾನಕ್ಕೆ ಒಂದು, ಕಾವ್ಯಕ್ಕೆ ಒಂದು ಅಂತ ಮೂರು ಪುಸ್ತಕ ಇಡಬಹುದಲ್ವಾ ಅಂತ ಕೇಳುತ್ತೀರಿ. ನಾನೂ ಇಟ್ಟಿದ್ದೆ. ಆಮೇಲೆ ಐಹೊಳೆ ಶಾಸನ ಕಣ್ಣು ತೆರೆಸಿತು. ಅದು ಮೇಗುತಿ ಬಸದಿಯಲ್ಲಿದೆ. ರವಿಕೀರ್ತಿ ಎಂಬ ಕವಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಬರೆದದ್ದು. ಕಾಲ ಶಕ 556, ಅಂದರೆ ಕ್ರಿ.ಶ. 634. ಚಾಲುಕ್ಯರ ಬಗ್ಗೆ ಓದುವಾಗ ಇದನ್ನು ಚರಿತ್ರೆ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅದೇ ಶಾಸನದಲ್ಲಿ ರವಿಕೀರ್ತಿ ತಾನು ಕೀರ್ತಿಯಲ್ಲಿ ಕಾಳಿದಾಸನಿಗೂ ಭಾರವಿಗೂ ಸಮ ಎಂದು ಕೊಚ್ಚಿಕೊಳ್ಳುತ್ತಾನೆ. ಕಾಳಿದಾಸ ಯಾವಾಗ ಇದ್ದ ಎಂಬ ತಲೆನೋವಿಗೆ ಒಂದು ತುದಿ ಇಲ್ಲಿ ಸಿಕ್ಕಿತು: 634ರ ಹೊತ್ತಿಗೆ ಅವನ ಹೆಸರು ಐಹೊಳೆಯವರೆಗೆ ಬಂದಿತ್ತು. ಕಾಳಿದಾಸನ ನಾಟಕ ಓದುವಾಗ ಇದು ನನಗೆ ಬೇಕಿತ್ತು. ಆದರೆ ಅದು ಬೇರೆ ನೋಟ್‌ಬುಕ್ಕಿನಲ್ಲಿ, ಬೀರುವಿನ ಮೇಲೆ ಮಲಗಿತ್ತು. ಹಾಗಾಗಿ ಒಂದೇ ಪುಸ್ತಕ ಇಡಿ.

2. ಓದು ಶುರು ಮಾಡುವ ಮುಂಚೆ ಐದು ಸಾಲು

ಎಡ ಪುಟದ ಮೇಲ್ಭಾಗದಲ್ಲಿ ಪುಸ್ತಕದ ಹೆಸರು, ಬರೆದವರು, ಅನುವಾದವಾದರೆ ಅನುವಾದಕರು, ಪ್ರಕಾಶಕರು, ಎಷ್ಟನೇ ಮುದ್ರಣ, ಯಾವ ವರ್ಷ. ಮೊದಲು ಬರೆದ ವರ್ಷ ಗೊತ್ತಿದ್ದರೆ ಅದೂ. ಸುಮ್ನೆ ಗುಮಾಸ್ತನ ಕೆಲಸ ಅನ್ನಬೇಡಿ. ಮನುಷ್ಯನ ಜೀವಕೋಶದಲ್ಲಿ ಎಷ್ಟು ವರ್ಣತಂತು? 46. ಆದರೆ 1956ರಲ್ಲಿ ಸರಿಯಾಗಿ ಎಣಿಸುವವರೆಗೆ ಲೋಕವೆಲ್ಲ 48 ಎಂದು ನಂಬಿತ್ತು, ಪಠ್ಯಪುಸ್ತಕಗಳೂ ಹಾಗೇ ಹೇಳುತ್ತಿದ್ದವು. ಪ್ಲೂಟೊ 2006ರವರೆಗೆ ಗ್ರಹವಾಗಿತ್ತು. ಹಳೆ ಪುಸ್ತಕದಂಗಡಿಯಿಂದ ತಂದ ವಿಜ್ಞಾನದ ಪುಸ್ತಕದಲ್ಲಿ ಇಂಥದ್ದು ಕಂಡರೆ ಲೇಖಕರನ್ನು ಬೈಯುವ ಮುಂಚೆ ಮುದ್ರಣದ ವರ್ಷ ನೋಡಬೇಕು.

ಕೆಳಗೆ ಎರಡು ಸಾಲು: ಈ ವಿಷಯದ ಬಗ್ಗೆ ನನಗೆ ಈಗ ಏನು ಗೊತ್ತು? ತಪ್ಪಿದ್ದರೂ ಬರೆಯಿರಿ. ಓದಿ ಮುಗಿಸಿದ ಮೇಲೆ ನಗು ಬರುತ್ತದೆ. ಏನು ಕಲಿತಿರಿ ಅನ್ನುವುದೂ ಅಲ್ಲೇ ಕಾಣುತ್ತದೆ.

3. ಓದುವಾಗ ಚೀಟಿ, ಪೆನ್ನಲ್ಲ

ಓದುತ್ತಾ ಓದುತ್ತಾ ನೋಟ್‌ಬುಕ್ಕಿಗೆ ಬರೆಯಬೇಡಿ. ಓದು ಕುಂಟುತ್ತದೆ, ಬರೆದದ್ದೂ ಬರೀ ಕಾಪಿ ಆಗುತ್ತದೆ. ಪುಸ್ತಕದೊಳಗೆ ಒಂದು ಉದ್ದದ ಚೀಟಿ ಇಟ್ಟುಕೊಳ್ಳಿ. ಅದರಲ್ಲಿ ಪುಟದ ನಂಬರು, ಪಕ್ಕದಲ್ಲಿ ಎರಡೇ ಪದ. '87 ಕುದುರೆ ಬೆಲೆ', '112 ಸುಳ್ಳಿರಬೇಕು', ಹೀಗೆ. ಲೈಬ್ರರಿ ಪುಸ್ತಕಕ್ಕೆ ಗೀಟು ಹಾಕುವವರ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ, ಬೈಗುಳವಾಗುತ್ತದೆ.

ಡಾರ್ವಿನ್ ಹೀಗೇ ಮಾಡುತ್ತಿದ್ದ. ಓದುವ ಪುಸ್ತಕದ ಕೊನೆಯಲ್ಲಿ ತನ್ನ ಕೆಲಸಕ್ಕೆ ಬೇಕಾದ ಸಂಗತಿಗಳ ಸಣ್ಣ ಸೂಚಿ ತಾನೇ ಮಾಡಿಕೊಳ್ಳುತ್ತಿದ್ದ. 1838ರಿಂದ 1860ರವರೆಗೆ 'ಓದಬೇಕಾದ್ದು', 'ಓದಿದ್ದು' ಎಂದು ಎರಡು ಪಟ್ಟಿಯನ್ನೂ ಇಟ್ಟಿದ್ದ. ಇಷ್ಟರವರೆಗೆ ಅವನನ್ನು ಅನುಸರಿಸಬಹುದು. ಆದರೆ ಪುಸ್ತಕ ತುಂಬಾ ಭಾರವಾದರೆ ಹಿಡಿಯಲು ಸುಲಭವಾಗಲಿ ಎಂದು ನಡುವೆ ಕತ್ತರಿಸಿ ಎರಡು ಮಾಡುತ್ತಿದ್ದನಂತೆ, ಅವನ ಮಗನೇ ಬರೆದಿದ್ದಾನೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ನಮಗೆ ಅದು ಆಗದ ಮಾತು.

4. ಪುಸ್ತಕ ಮುಚ್ಚಿ ಬರೆಯಿರಿ

ಮುಗಿಸಿದ ಮಾರನೆಯ ದಿನ ಕೂರಿ. ಅದೇ ದಿನ ಬೇಡ, ವಾರ ಬಿಟ್ಟೂ ಬೇಡ. ಪುಸ್ತಕ ಮುಚ್ಚಿರಲಿ, ಚೀಟಿ ಒಳಗೇ ಇರಲಿ. ನೆನಪಿನಿಂದ ಎಡ ಪುಟದಲ್ಲಿ ಹತ್ತು ಹದಿನೈದು ಸಾಲು ಬರೆಯಿರಿ. ಕಷ್ಟ ಆಗುತ್ತದೆ. ಮೊದಲ ಸಲ ನನಗೆ ನಾಲ್ಕು ಸಾಲು ದಾಟಲಿಲ್ಲ. ಆಮೇಲೆ ಪುಸ್ತಕ ತೆರೆದು, ಚೀಟಿ ಹಿಡಿದು, ತಪ್ಪಿದ್ದನ್ನು ಕೆಂಪು ಇಂಕಿನಲ್ಲಿ ತಿದ್ದಿ. ತಪ್ಪನ್ನು ಕಾಣದಂತೆ ಗೀಚಿ ಹಾಕಬೇಡಿ. ಒಂದು ಗೆರೆ ಎಳೆದು ಮೇಲೆ ಸರಿಯಾದದ್ದು ಬರೆಯಿರಿ. ಇಟ್ಟ ಪದ ಅಳಿಸದ ಹೆಚ್ಚುಗಾರಿಕೆ ಕುಮಾರವ್ಯಾಸನಿಗಿತ್ತು, ನಮಗಿಲ್ಲ. ಎಲ್ಲಿ ತಪ್ಪಿದೆ ಅನ್ನುವುದು ಕಾಣುತ್ತಿದ್ದರೆ ಅದೇ ಮತ್ತೆ ತಪ್ಪುವುದಿಲ್ಲ.

ಈ ಹೆಜ್ಜೆಯನ್ನು ಯಾರೂ ಇಷ್ಟಪಡುವುದಿಲ್ಲ. ಉಳಿದದ್ದೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

5. ಚರಿತ್ರೆ: ಕಂಡದ್ದೋ, ಕೇಳಿದ್ದೋ?

ಇಲ್ಲಿಂದ ಮೂರು ಬಗೆಯ ಓದಿಗೆ ಮೂರು ಬಗೆಯ ಬರವಣಿಗೆ. ಚರಿತ್ರೆ ಪುಸ್ತಕದಿಂದ ನಾನು ಬರೆದುಕೊಳ್ಳುವ ಪ್ರತಿ ಸಂಗತಿಯ ಎದುರು ಒಂದು ಅಕ್ಷರ ಹಾಕುತ್ತೇನೆ. ಕಂ ಅಂದರೆ ಹೇಳಿದವನು ಕಣ್ಣಾರೆ ಕಂಡದ್ದು. ಕೇ ಅಂದರೆ ಕೇಳಿ ಬರೆದದ್ದು. ಊ ಅಂದರೆ ಈಗಿನ ಲೇಖಕರ ಊಹೆ.

ಆ 41ನೇ ನಂಬರಿನ ಪುಸ್ತಕವನ್ನೇ ಮತ್ತೆ ಓದಿದಾಗ ಇದರ ಬೆಲೆ ಗೊತ್ತಾಯಿತು. ಅದು ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆ. ಅದರಲ್ಲಿ ಇಬ್ಬರು ಪೋರ್ಚುಗೀಸರ ಬರಹಗಳ ಇಂಗ್ಲಿಷ್ ಅನುವಾದ ಇದೆ. ಡೊಮಿಂಗೊ ಪಾಯಸ್ ಬಂದದ್ದು ಸುಮಾರು 1520ರಲ್ಲಿ, ಕೃಷ್ಣದೇವರಾಯ ಆಳುತ್ತಿದ್ದಾಗ. ಊರು ರೋಮ್‌ನಷ್ಟು ದೊಡ್ಡದಾಗಿ ಕಂಡಿತು ಎಂದು ಬರೆದವನು ಅವನೇ. ಅದಕ್ಕೆ ನಾನು ಕಂ ಹಾಕಿದೆ. ಫೆರ್ನಾವೊ ನೂನಿಜ್ ಬಂದದ್ದು ಹದಿನೈದು ವರ್ಷದ ನಂತರ, ಅಚ್ಯುತರಾಯನ ಕಾಲದಲ್ಲಿ. ಹಿಂದಿನ ರಾಜರ ಕತೆಯನ್ನೆಲ್ಲ ಉದ್ದಕ್ಕೆ ಹೇಳುತ್ತಾನೆ. ಅದಕ್ಕೆಲ್ಲ ಕೇ. ಮೊದಲ ಸಲ ಓದಿದಾಗ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೆ.

ವಿಜಯನಗರ ಸೋತ 1565ರ ಯುದ್ಧದ ವಿಷಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ನಾವು ಓದುವ ವಿವರಗಳಲ್ಲಿ ಬಹಳಷ್ಟು ಫಿರಿಸ್ತಾ ಎಂಬ ಚರಿತ್ರೆಕಾರನಿಂದ ಬಂದವು. ಅವನು ಬಿಜಾಪುರದ ಆಸ್ಥಾನದಲ್ಲಿ ಇದ್ದವನು, ಅಂದರೆ ಗೆದ್ದವರ ಕಡೆಯವನು. ಬರೆದದ್ದು ಯುದ್ಧ ಮುಗಿದು ಸುಮಾರು ನಾಲ್ಕು ದಶಕ ಆದ ಮೇಲೆ. ಹಾಗಂತ ಸುಳ್ಳು ಎಂದಲ್ಲ. ಕೇ ಅಕ್ಷರದ ಪಕ್ಕ ಯಾರ ಕಡೆಯವನು, ಎಷ್ಟು ವರ್ಷದ ಮೇಲೆ ಎಂದು ಬರೆದರೆ ಸಾಕು.

ಇನ್ನೊಂದು ಸಣ್ಣ ಉಪಾಯ. ಶಾಸನಗಳ ಬಗ್ಗೆ ಓದುವಾಗ ಶಕ ವರ್ಷ ಕಂಡ ಕೂಡಲೇ ಅಂಚಿನಲ್ಲಿ 78 ಕೂಡಿಸಿ ಬರೆಯಿರಿ. ಬಾದಾಮಿಯಲ್ಲಿ ಮೊದಲನೇ ಪುಲಕೇಶಿಯ ಬಂಡೆಶಾಸನ ಶಕ 465, ಅಂದರೆ ಕ್ರಿ.ಶ. 543. ಶಕ ವರ್ಷ ಶುರುವಾಗುವುದು ಯುಗಾದಿಗೆ. ಆದ್ದರಿಂದ ಮಾಘ, ಫಾಲ್ಗುಣದ ತಿಥಿ ಇದ್ದರೆ 79 ಕೂಡಿಸಬೇಕು. ಇದನ್ನು ಮರೆತು ಒಂದು ವರ್ಷ ಆಚೀಚೆ ಮಾಡಿಕೊಂಡವರಲ್ಲಿ ನಾನೂ ಒಬ್ಬ.

6. ವಿಜ್ಞಾನ: ಲೆಕ್ಕ ನೀವೇ ಮಾಡಿ

ವಿಜ್ಞಾನದ ಪುಸ್ತಕದಲ್ಲಿ ಸಂಖ್ಯೆ ಕಂಡರೆ ತಲೆದೂಗಿ ಮುಂದೆ ಹೋಗುವುದು ನಮ್ಮ ಚಟ. ಸೂರ್ಯನ ಬೆಳಕು ಇಲ್ಲಿಗೆ ಬರಲು ಎಂಟು ನಿಮಿಷ ಚಿಲ್ಲರೆ ಎಂದು ಎಷ್ಟು ಸಲ ಓದಿಲ್ಲ? ಬಲ ಪುಟದಲ್ಲಿ ಒಮ್ಮೆ ಲೆಕ್ಕ ಮಾಡಿ. ದೂರ 15 ಕೋಟಿ ಕಿಲೋಮೀಟರ್, ವೇಗ ಸೆಕೆಂಡಿಗೆ 3 ಲಕ್ಷ. ಭಾಗಿಸಿದರೆ 500 ಸೆಕೆಂಡು. ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಚಂದ್ರನಿಗೂ ಮಾಡಿ: 3,84,000ವನ್ನು 3 ಲಕ್ಷದಿಂದ ಭಾಗಿಸಿದರೆ ಒಂದೂಕಾಲು ಸೆಕೆಂಡಿಗಿಂತ ತುಸು ಜಾಸ್ತಿ. ಒಂದು ಪುಸ್ತಕಕ್ಕೆ ಇಂಥ ಒಂದೇ ಲೆಕ್ಕ ಸಾಕು. ಆದರೆ ಕೈಯಲ್ಲೇ ಮಾಡಿ.

ಲೆಕ್ಕ ಇಲ್ಲದಿದ್ದರೆ ಚಿತ್ರ. ಗುರುಗ್ರಹದ ಉಪಗ್ರಹಗಳನ್ನು ಗೆಲಿಲಿಯೊ ಕಂಡ ಕತೆ ನಮಗೆಲ್ಲ ಗೊತ್ತು. ಅವನು ಗೀಚಿಟ್ಟ ಚುಕ್ಕಿಗಳನ್ನು ನಿಮ್ಮ ಪುಟಕ್ಕೆ ಇಳಿಸಿಕೊಂಡು ನೋಡಿ. 1610ರ ಜನವರಿ 7ರಂದು ಗುರುವಿನ ಪೂರ್ವಕ್ಕೆ ಎರಡು ಚುಕ್ಕಿ, ಪಶ್ಚಿಮಕ್ಕೆ ಒಂದು. ಮರುದಿನ ಮೂರೂ ಪಶ್ಚಿಮಕ್ಕೆ. ಹತ್ತನೇ ತಾರೀಖು ಎರಡೇ, ಅವೂ ಪೂರ್ವಕ್ಕೆ. ಹದಿಮೂರಕ್ಕೆ ನಾಲ್ಕು. ಒಂದರ ಕೆಳಗೆ ಒಂದು ಬಿಡಿಸುತ್ತಾ ಹೋದಂತೆ, ಇವು ಹಿಂದಿರುವ ನಕ್ಷತ್ರಗಳಲ್ಲ, ಗುರುವಿನ ಜೊತೆಗೇ ತಿರುಗುತ್ತಿವೆ ಅನ್ನುವುದು ನಿಮ್ಮ ಪೆನ್ಸಿಲ್ ತುದಿಯಲ್ಲೇ ಹೊಳೆಯುತ್ತದೆ.

ಮೂರನೆಯದು ಪದ. ಕನ್ನಡದಲ್ಲಿ ವಿಜ್ಞಾನ ಓದುವವರಿಗೆ ಇದು ಬಹಳ ಮುಖ್ಯ. ಡಾರ್ವಿನ್ ಅಂದ ಕೂಡಲೇ 'ಬಲಿಷ್ಠರ ಉಳಿವು' ಅನ್ನುತ್ತೇವೆ. ಮೂಲದ 'ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್' ಡಾರ್ವಿನ್ನನ ಮಾತಲ್ಲ, ಅವನ ಕಾಲದ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್‌ನದು. ಡಾರ್ವಿನ್ನನ 'ಆರಿಜಿನ್ ಆಫ್ ಸ್ಪೀಶೀಸ್' ಪುಸ್ತಕದ 1859ರ ಮೊದಲ ಆವೃತ್ತಿಯಲ್ಲಿ ಅದು ಇಲ್ಲವೇ ಇಲ್ಲ. 1869ರ ಐದನೇ ಆವೃತ್ತಿಯಲ್ಲಿ ಸೇರಿತು. ಇನ್ನು 'ಫಿಟ್' ಅಂದರೆ ಬಲಶಾಲಿ ಅಲ್ಲ, ಆ ಜಾಗಕ್ಕೆ, ಆ ಹೊತ್ತಿಗೆ ತಕ್ಕದ್ದು. ಬರಗಾಲದಲ್ಲಿ ಆನೆಗಿಂತ ಹುಲ್ಲಿನ ಬೀಜ 'ಫಿಟ್' ಆಗಿರಬಹುದು. ಬಲ ಪುಟದಲ್ಲಿ ನಾನು 'ತಕ್ಕವರ ಉಳಿವು' ಎಂದು ಬರೆದುಕೊಂಡೆ. ನಿಮಗೆ ಬೇರೆ ಪದ ಹೊಳೆಯಬಹುದು. ಪಾರಿಭಾಷಿಕ ಪದ ನಾಲಿಗೆಗೆ ಸುಲಭವಾಗಿ ಬಂತು ಅಂದ ಮಾತ್ರಕ್ಕೆ ಅರ್ಥವಾಯಿತು ಎಂದು ಬಿಡಬೇಡಿ.

7. ಹಳೆಯ ಕಾವ್ಯ: ಒಂದೇ ಪದ್ಯ, ಪೂರ್ತಿ

ಕಾವ್ಯದ ಕತೆಯ ಸಾರಾಂಶ ಬರೆಯಬೇಡಿ. ಮಹಾಭಾರತದ ಕತೆ ನಮಗೆ ಗೊತ್ತಿಲ್ಲವೇ? ಅದರ ಬದಲು ಮನಸ್ಸಿಗೆ ಹಿಡಿದ ಒಂದು ಪದ್ಯವನ್ನು ಎಡ ಪುಟಕ್ಕೆ ಇಳಿಸಿಕೊಳ್ಳಿ. ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯಿರಿ. ಗದುಗಿನ ಭಾರತದ ಪೀಠಿಕೆಯ ಒಂದು ಪದ್ಯ, ಮೊದಲ ಅರ್ಧ:

ಹಲಗೆ ಬಳಪವ ಪಿಡಿಯದೊಂದ
ಗ್ಗಳಿಕೆ ಪದವಿಟ್ಟಳುಪದೊಂದ
ಗ್ಗಳಿಕೆ ಪರರೊಡ್ಡವದ ರೀತಿಯ ಕೊಳ್ಳದಗ್ಗಳಿಕೆ

ಇದು ಭಾಮಿನಿ ಷಟ್ಪದಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ನಡಿಗೆ. ಮೊದಲ ಸಾಲು ಎಣಿಸಿ: ಹಲಗೆ ಮೂರು, ಬಳಪವ ನಾಲ್ಕು, ಪಿಡಿಯ ಮೂರು, ದೊಂದಗ್ ನಾಲ್ಕು. ಕೊನೆಯ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದಿದೆ, ಅದಕ್ಕೇ 'ದ' ಗುರುವಾಯಿತು. ಒಟ್ಟು 14. ಎರಡನೇ ಸಾಲೂ 14. ಮೂರನೆಯದು ಒಂದೂವರೆ ಪಟ್ಟು ಉದ್ದ, ತುದಿಯಲ್ಲಿ ಒಂದು ಗುರು.

ಎಣಿಸಿ ಏನಾಗಬೇಕು ಅನ್ನುತ್ತೀರಾ? ಮೊದಲ ಸಲ ಇಳಿಸಿಕೊಂಡಾಗ ನಾನು 'ಪಿಡಿದೊಂದ' ಎಂದು ಬರೆದಿದ್ದೆ. 'ಯ' ಬಿಟ್ಟುಹೋಗಿತ್ತು. ಎಣಿಸಿದರೆ ಒಂದು ಮಾತ್ರೆ ಕಡಿಮೆ ಬಂತು. ಪುಸ್ತಕ ತೆರೆದು ನೋಡಿದರೆ ಅರ್ಥವೇ ತಲೆಕೆಳಗಾಗಿತ್ತು. ಹಲಗೆ ಬಳಪ ಹಿಡಿಯದೆಯೇ ಬರೆದೆ ಅಂತ ಕವಿ ಹೆಮ್ಮೆಪಟ್ಟರೆ ನಾನು ಅವನ ಕೈಗೆ ಬಳಪ ಕೊಟ್ಟುಬಿಟ್ಟಿದ್ದೆ! ಮಾತ್ರೆಯೇ ತಪ್ಪನ್ನು ಹಿಡಿದುಕೊಟ್ಟಿತು.

ಬಲ ಪುಟದಲ್ಲಿ ಗೊತ್ತಿಲ್ಲದ ಪದಗಳು. ಮೊದಲು ನಿಮ್ಮ ಊಹೆ ಬರೆಯಿರಿ, ಆಮೇಲೆ ನಿಘಂಟು ನೋಡಿ. 1894ರ ಕಿಟ್ಟೆಲ್ ನಿಘಂಟು ಈಗಲೂ ಕೈಕೊಡುವುದಿಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಹತ್ತಿರದ ಲೈಬ್ರರಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಮೇಲಿನ ಪದ್ಯದ 'ಅಳುಪದ'ವನ್ನು ನಾನು ಆಸೆಪಡದ ಎಂದು ಊಹಿಸಿದ್ದೆ. ಇಲ್ಲಿ ಅಳಿಸದ ಎಂದು ಅರ್ಥ. ಒಂದು ಕಾವ್ಯಕ್ಕೆ ಹತ್ತು ಪದಕ್ಕಿಂತ ಜಾಸ್ತಿ ಬರೆಯಬೇಡಿ, ಬೇಜಾರಾಗಿ ಕಾವ್ಯವನ್ನೇ ಬಿಡುತ್ತೀರಿ.

8. ಸೂಚಿ

ಈ ನೋಟ್‌ಬುಕ್ಕಿನ ಜೀವ ಇರುವುದು ಕೊನೆಯ ಹನ್ನೆರಡು ಪುಟದಲ್ಲಿ. ಇಂಗ್ಲೆಂಡಿನ ಜಾನ್ ಲಾಕ್ ಎಂಬ ತತ್ವಜ್ಞಾನಿ ಟಿಪ್ಪಣಿ ಪುಸ್ತಕಕ್ಕೆ ಸೂಚಿ ಮಾಡುವ ಒಂದು ಕ್ರಮ ಹುಡುಕಿದ್ದ. 1686ರಲ್ಲಿ ಅದು ಫ್ರೆಂಚಿನಲ್ಲಿ ಅಚ್ಚಾಯಿತು. ಪದದ ಮೊದಲ ಅಕ್ಷರ, ಅದರಾಚೆ ಬರುವ ಮೊದಲ ಸ್ವರ, ಇವೆರಡನ್ನೂ ಸೇರಿಸಿ ಒಂದೊಂದು ಮನೆ ಮಾಡಿದ. ಪಾಪ, ಅವನಿಗೆ ಅಷ್ಟು ಕಷ್ಟ. ನಮ್ಮ ಕಾಗುಣಿತದಲ್ಲಿ ಎರಡೂ ಒಟ್ಟಿಗೇ ಕೂತಿವೆ: ಕ, ಕಾ, ಕಿ, ಕೀ.

ಹನ್ನೆರಡು ಪುಟವನ್ನು ಹೀಗೆ ಹಂಚಿ. ಸ್ವರಗಳಿಗೆ ಎರಡು, ಕವರ್ಗಕ್ಕೆ ಎರಡು, ಚವರ್ಗ ಟವರ್ಗ ಸೇರಿ ಒಂದು, ತವರ್ಗಕ್ಕೆ ಎರಡು, ಪವರ್ಗಕ್ಕೆ ಎರಡು, ಯ ರ ಲ ವಗಳಿಗೆ ಒಂದು, ಶ ಸ ಹಗಳಿಗೆ ಎರಡು. ಒಂದು ಪುಸ್ತಕದ ಎರಡು ಪುಟ ಬರೆದು ಮುಗಿಸಿದ ಕೂಡಲೇ, ಏಳುವ ಮುಂಚೆ, ಐದಾರು ಪದ ಆರಿಸಿ ಸೂಚಿಗೆ ಏರಿಸಿ. ನನ್ನದರಿಂದ ಕೆಲವು:

ಐಹೊಳೆ ಶಾಸನ 22, 57
ಕಾಳಿದಾಸ, ಯಾವ ಕಾಲ? 22, 57
ತಾಳಿಕೋಟೆ: ರಕ್ಕಸತಂಗಡಿ ನೋಡು
ರಕ್ಕಸತಂಗಡಿ 14, 15
ವರ್ಣತಂತು, 48 ಅಲ್ಲ 46 30

1565ರ ಅದೇ ಯುದ್ಧಕ್ಕೆ ಎರಡು ಹೆಸರಿದೆ ನೋಡಿ. ಒಂದು ಕಡೆ ಪುಟದ ನಂಬರು, ಇನ್ನೊಂದು ಕಡೆ 'ನೋಡು' ಅಂತ ಹಾಕಿ. 'ಚರಿತ್ರೆ', 'ಬದುಕು', 'ಧರ್ಮ' ಥರದ ದೊಡ್ಡ ಪದಗಳನ್ನು ಸೂಚಿಗೆ ತರಬೇಡಿ. ಎಲ್ಲ ಪುಟವೂ ಅದರಡಿ ಬಂದು ಕೂರುತ್ತದೆ. ಕುದುರೆ, ಉಪ್ಪು, ಬಳಪ, ಇಂಥವು ಬರಲಿ. ಹೊಸ ಪುಟ ಬರೆಯುವಾಗ ಹಳೆಯ ಪುಟ ನೆನಪಾದರೆ ಎರಡೂ ಕಡೆ ಅಂಚಿನಲ್ಲಿ ಒಂದರ ನಂಬರು ಇನ್ನೊಂದಕ್ಕೆ ಬರೆಯಿರಿ.

ಮೊಬೈಲಿನಲ್ಲಿ ಆದರೆ ಹುಡುಕುವುದು ಇನ್ನೂ ಸುಲಭ, ಒಪ್ಪುತ್ತೇನೆ. ಟೈಪ್ ಮಾಡಿ ಅಭ್ಯಾಸ ಇರುವವರು ಅಲ್ಲೇ ಮಾಡಿ, ಹೆಜ್ಜೆಗಳು ಇವೇ. ನನಗೆ ಮಾತ್ರ ಫೋನ್ ತೆಗೆದರೆ ಓದು ಮುಗಿದ ಹಾಗೆ.

9. ಬಿಟ್ಟುಹೋದ ಪುಸ್ತಕ, ತುಂಬಿದ ಪುಸ್ತಕ

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಎರಡು ಪುಟ ಕೊಡಿ. ಯಾವ ಪುಟದಲ್ಲಿ ಬಿಟ್ಟಿರಿ, ಯಾಕೆ ಅನ್ನುವುದಿಷ್ಟು ಸಾಕು. ಉಳಿದ ಜಾಗ ಹಾಗೇ ಇರಲಿ, ಒಂದು ದಿನ ಮತ್ತೆ ಹಿಡಿದೀರಿ. ಹಿಂದೆ ಓದಿದ್ದನ್ನೆಲ್ಲ ಈಗ ಕೂತು ಬರೆಯಲು ಹೋಗಬೇಡಿ. ನಾನು ಹೋಗಿ ಒಂದು ತಿಂಗಳು ಹೊಸದೇನೂ ಓದಲಿಲ್ಲ.

ತಿಂಗಳಿಗೊಮ್ಮೆ 188ನೇ ಪುಟ ತೆರೆದು ನೋಡಿ. ಉತ್ತರ ಸಿಕ್ಕಿದ್ದರೆ ಅದರ ಪಕ್ಕ ಪುಟದ ನಂಬರು ಹಾಕಿ. ಸಿಗದವನ್ನು ಮುಂದಿನ ನೋಟ್‌ಬುಕ್ಕಿಗೆ ಸಾಗಿಸಿ. ಅಣ್ಣನ ಮಗಳ ಪ್ರಶ್ನೆಯೊಂದು ಅಲ್ಲಿ ಎರಡು ವರ್ಷದಿಂದ ಕೂತಿದೆ: ಪಾಯಸ್ ವಿಜಯನಗರವನ್ನು ಕಂಡ ಹೊತ್ತಿಗೆ ರೋಮ್ ಎಷ್ಟು ದೊಡ್ಡದಿತ್ತು, ಅವನು ರೋಮನ್ನು ನೋಡಿದ್ದನಾ?

ಪುಸ್ತಕ ತುಂಬಿದ ಮೇಲೆ ಅದೇ ಅಳತೆಯ ಇನ್ನೊಂದು ತನ್ನಿ. ಬೆನ್ನಿನ ಮೇಲೆ 2 ಎಂದು ಬರೆಯಿರಿ. ಪುಟದ ನಂಬರು ಮಾತ್ರ ಮತ್ತೆ ಒಂದರಿಂದ ಬೇಡ, ಸೂಚಿ ಗೊಂದಲವಾಗುತ್ತದೆ. 201ರಿಂದ ಶುರು ಮಾಡಿ.